‘ಡೆಡ್ ಐಲ್ಯಾಂಡ್’ ಟ್ರೈಲರ್ ನೋಡಿ ಅತ್ತವರು ಇನ್ನೂ ಯಾರಿದ್ದೀರಿ?

ಹಳೇ ಹಾರ್ಡ್‌ಡಿಸ್ಕ್

ನಿನ್ನೆ ರಾತ್ರಿ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಯಾವುದೋ ಫೋಟೋ ಹುಡುಕುತ್ತಿದ್ದೆ. ‘ನ್ಯೂ ಫೋಲ್ಡರ್’ ಒಳಗೆ ಇನ್ನೊಂದು ‘ನ್ಯೂ ಫೋಲ್ಡರ್’, ಅದರೊಳಗೆ ಒಂದೇ ಒಂದು ವಿಡಿಯೊ. 240ಪಿ. ಮುಖಗಳೆಲ್ಲ ಚೌಕ ಚೌಕ. ಆದರೂ ಪಿಯಾನೊ ಶುರುವಾದ ತಕ್ಷಣ ಅದೇನೆಂದು ಗೊತ್ತಾಯಿತು. ‘ಡೆಡ್ ಐಲ್ಯಾಂಡ್’ ಎಂಬ ವಿಡಿಯೊ ಗೇಮಿನ ಟ್ರೈಲರ್. ಫೋಟೋ ಹುಡುಕುವುದು ಅಲ್ಲಿಗೇ ನಿಂತಿತು.

2011 ರ ಫೆಬ್ರವರಿ. ನಾನಾಗ ಇಂಜಿನಿಯರಿಂಗ್ ಮೂರನೇ ವರ್ಷ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಹಗಲು ಹೊತ್ತು ಅಳೆದು ಸುರಿದು ಬಳಸಬೇಕು, ರಾತ್ರಿ ಎರಡರ ಮೇಲೆ ಮಾತ್ರ ಎಷ್ಟು ಬೇಕಾದರೂ ಇಳಿಸಿಕೊಳ್ಳಬಹುದು. ಎರಡಕ್ಕೆ ಅಲಾರಂ ಇಟ್ಟು ಎದ್ದು, ಅಮ್ಮ ಎದ್ದುಬಿಟ್ಟಾರು ಎಂದು ಇಯರ್‌ಫೋನ್ ಹಾಕಿಕೊಂಡು ನೋಡಿದ್ದೆ.

ನೋಡದವರಿಗೆ ಹೇಳುತ್ತೇನೆ. ಮೊದಲು ಕಾಣುವುದು ಒಂದು ಕಣ್ಣು. ಹುಲ್ಲಿನ ಮೇಲೆ ಬಿದ್ದ ಪುಟ್ಟ ಹುಡುಗಿ, ಸತ್ತಿದ್ದಾಳೆ. ಆಮೇಲೆ ಕಾಲ ಹಿಂದಕ್ಕೆ ಉರುಳಲು ಶುರುವಾಗುತ್ತದೆ. ಹುಡುಗಿ ನೆಲದಿಂದ ಮೇಲಕ್ಕೆ ಹೋಗುತ್ತಾಳೆ, ಗಾಜಿನ ಚೂರುಗಳೂ ಅವಳ ಜೊತೆಗೇ ಏರುತ್ತವೆ, ಹೋಟೆಲಿನ ಕಿಟಕಿ ಮತ್ತೆ ಇಡಿಯಾಗುತ್ತದೆ. ನಡುನಡುವೆ ಇನ್ನೊಂದು ದೃಶ್ಯ, ಅದು ಮಾತ್ರ ಮುಂದಕ್ಕೇ ಓಡುತ್ತದೆ. ಅದೇ ಹುಡುಗಿ ಕಾರಿಡಾರಿನಲ್ಲಿ ಓಡುತ್ತಿದ್ದಾಳೆ, ಹಿಂದೆ ಜೋಂಬಿಗಳು, ಸತ್ತೂ ಎದ್ದು ಬಂದು ಕಚ್ಚುವವರು. ಬಾಗಿಲು ತೆಗೆದು ಅವಳನ್ನು ಒಳಗೆ ಎಳೆದುಕೊಂಡವನೂ ಅಪ್ಪ. ಕಚ್ಚಿಸಿಕೊಂಡು ತಾನೇ ಜೋಂಬಿಯಾಗಿ ಮೈಮೇಲೆ ಬಿದ್ದ ಅವಳನ್ನು ಕಿಟಕಿಯಾಚೆ ಎಸೆದವನೂ ಅಪ್ಪ. ಎರಡು ಕಾಲಗಳೂ ಬಂದು ಸೇರುವುದು ಆ ಬಾಗಿಲ ಬಳಿ. ಅಪ್ಪನ ಕೈ, ಮಗಳ ಕೈ, ಇನ್ನೇನು ಮುಟ್ಟಬೇಕು. ಅಲ್ಲಿಂದ ನೇರ ಪ್ರವಾಸದ ಹೋಮ್ ವಿಡಿಯೊ, ಎಲ್ಲರೂ ನಗುತ್ತಿದ್ದಾರೆ. ಮುಗಿಯಿತು. ಸುಮಾರು ಮೂರು ನಿಮಿಷ. ಕಥೆ ಹೇಳುವ ದನಿ ಎಲ್ಲೂ ಇಲ್ಲ.

ಆಗ ನಾನು ಅತ್ತಿದ್ದು ಪಿಯಾನೊಗೆ. ಸತ್ಯ ಹೇಳಬೇಕೆಂದರೆ ಆ ಅಪ್ಪನನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಈಗ ನನಗೆ ಆರು ವರ್ಷದ ಮಗಳಿದ್ದಾಳೆ. ನಿನ್ನೆ ಅರ್ಧಕ್ಕೆ ನಿಲ್ಲಿಸಿ, ಅವಳ ರೂಮಿಗೆ ಹೋಗಿ, ಕಿಟಕಿಯ ಚಿಲಕ ಹಾಕಿದೆಯಾ ಎಂದು ನೋಡಿ ಬಂದೆ. ನಗಬೇಡಿ. ಗ್ರಿಲ್ ಇದೆ, ಗೊತ್ತು. ಆದರೂ.

ಕೇಳಬೇಕೆನಿಸಿದ್ದು ಇಷ್ಟೇ. ನಾನು ಆ ಗೇಮ್ ಆಡಲೇ ಇಲ್ಲ. ಆಡಿದವರು ಹೇಳಿ, ಆ ಮೂರು ನಿಮಿಷ ಗೇಮಿನೊಳಗೆ ಎಲ್ಲಾದರೂ ಸಿಕ್ಕಿತಾ?

---

ಸುಮ್ನೆ ಬಂದೆ

ಬೆಳಗ್ಗೆ ಬಸ್ಸಿನಲ್ಲಿ ಕೂತು ಇದನ್ನು ಓದಿ, ಹುಡುಕಿ ನೋಡಿದೆ. ಮೊದಲ ಸಲ. ಪಕ್ಕದವರು ‘ಏನಾಯ್ತಮ್ಮ’ ಅಂದರು. ಗೇಮ್ ಅಡ್ವರ್ಟೈಸ್‌ಮೆಂಟ್ ಅಂತ ಹೇಗೆ ಹೇಳುವುದು? ‘ಧೂಳು ಹೋಯ್ತು’ ಎಂದೆ. ಎಸಿ ಬಸ್ಸು.

---

ಕಟಿಂಗ್ ಟೇಬಲ್

ಮದುವೆ ವಿಡಿಯೊ ಎಡಿಟ್ ಮಾಡುವುದು ನನ್ನ ಹೊಟ್ಟೆಪಾಡು. ಈ ಟ್ರೈಲರನ್ನು ಎಷ್ಟು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೋ ಲೆಕ್ಕವಿಲ್ಲ.

ಒಂದು ವಿಷಯ ಗಮನಿಸಿ. ದೃಶ್ಯ ಹಿಂದಕ್ಕೆ ಹೋಗುತ್ತದೆ, ಸಂಗೀತ ಹೋಗುವುದಿಲ್ಲ. ಅದು ತನ್ನ ಪಾಡಿಗೆ ಮುಂದಕ್ಕೇ ನಡೆಯುತ್ತದೆ. ಕಣ್ಣು ಗೊಂದಲದಲ್ಲಿದ್ದರೂ ಕಿವಿ ದಾರಿ ತಪ್ಪುವುದಿಲ್ಲ. ಪಿಯಾನೊ ಮತ್ತು ತಂತಿವಾದ್ಯ, ಅಷ್ಟೇ. ಮಾಡಿದವರು ಜೈಲ್ಸ್ ಲ್ಯಾಂಬ್. ಅನಿಮೇಶನ್ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಆಕ್ಸಿಸ್ ಸ್ಟುಡಿಯೊದ್ದು. ಗೇಮ್ ಮಾಡಿದ ಟೆಕ್‌ಲ್ಯಾಂಡ್ ಇರುವುದು ಪೋಲೆಂಡಿನ ವ್ರೊಟ್ಸ್ವಾಫ್ ನಗರದಲ್ಲಿ. ಅಂದರೆ ನಮ್ಮನ್ನು ಅಳಿಸಿದವರೇ ಬೇರೆ, ಗೇಮ್ ಬರೆದವರೇ ಬೇರೆ. ಹಾರ್ಡ್‌ಡಿಸ್ಕ್ ಸರ್, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಅದೇ ವರ್ಷ ಕಾನ್‌ನ ಜಾಹೀರಾತು ಉತ್ಸವದಲ್ಲಿ ಟ್ರೈಲರಿಗೆ ಗೋಲ್ಡ್ ಲಯನ್ ಬಂತು. ಗೇಮಿಗಲ್ಲ, ಟ್ರೈಲರಿಗೆ.

ಅಭಿಮಾನಿಗಳು ಇದನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ಹಾಕಿದ್ದಾರೆ, ನೋಡಿದ್ದೀರಾ? ಅಳು ಬರುವುದಿಲ್ಲ. ಮಗು ಓಡುತ್ತದೆ, ಕಚ್ಚಿಸಿಕೊಳ್ಳುತ್ತದೆ, ಬಿದ್ದು ಸಾಯುತ್ತದೆ. ಸಾದಾ ಜೋಂಬಿ ಸಿನಿಮಾ. ಎಸೆಯುವ ಶಾಟನ್ನು ಹಿಂದಕ್ಕೆ ಓಡಿಸಿದರೆ ಏನು ಕಾಣುತ್ತದೆ ಹೇಳಿ? ಬೀಳುತ್ತಿದ್ದ ಮಗಳು ಹಾರಿಕೊಂಡು ಅಪ್ಪನ ಹತ್ತಿರ ವಾಪಸ್ ಬರುತ್ತಾಳೆ. ನಡೆದದ್ದು ಕೊಲೆ, ಕಣ್ಣಿಗೆ ಕಾಣುವುದು ಮಗಳು ಮನೆಗೆ ಬಂದ ಹಾಗೆ. ಹೊಟ್ಟೆ ಚುರ್ ಎನ್ನುವುದು ಅಲ್ಲಿ.

ಇದೇ ಹುಚ್ಚಿನಲ್ಲಿ ಒಮ್ಮೆ ಒಂದು ಮದುವೆ ವಿಡಿಯೊದಲ್ಲಿ ಅಕ್ಷತೆ ಬೀಳುವುದನ್ನು ಹಿಂದಕ್ಕೆ ಓಡಿಸಿ ಕೊಟ್ಟೆ. ಕಾಳೆಲ್ಲ ತಲೆಯಿಂದ ಎದ್ದು ಜನರ ಮುಷ್ಟಿಗೆ ಹೋಗುತ್ತಿತ್ತು. ನನಗೋ ಭಾರೀ ಖುಷಿ. ಹುಡುಗಿಯ ಅಜ್ಜಿ ನೋಡಿ, ‘ಇದೇನಪ್ಪಾ, ಕೊಟ್ಟ ಆಶೀರ್ವಾದ ವಾಪಸ್ ಇಸ್ಕೊಂಡ ಹಾಗಿದೆ’ ಎಂದರು. ಅವತ್ತೇ ತೆಗೆದುಹಾಕಿದೆ.

---

ಖಾರ ಮಂಡಕ್ಕಿ

ಎಲ್ಲರೂ ಮೂಗು ಒರೆಸಿಕೊಳ್ಳುತ್ತಿರುವಾಗ ನಾನೊಬ್ಬ ಕೆಟ್ಟವನಾಗುತ್ತೇನೆ.

ಒಂದು ಮಗುವಿನ ಹೆಣ ತೋರಿಸಿ ಗೇಮ್ ಮಾರಿದರು. ಇಷ್ಟೇ ವಿಷಯ. ಇದನ್ನು ಆಗಲೂ ಬಹಳ ಜನ ಹೇಳಿದ್ದರು, ಈಗ ಎಲ್ಲರೂ ಮರೆತಿದ್ದಾರೆ. ಗೇಮಿನಲ್ಲಿ ಆ ಅಪ್ಪನಾಗಿ ಆಡಬಹುದಾ? ಇಲ್ಲ. ಆಡಬೇಕಾದ್ದು ನಾಲ್ಕು ಜನರಲ್ಲಿ ಒಬ್ಬರಾಗಿ: ಸ್ಯಾಮ್ ಬಿ, ಲೋಗನ್, ಪೂರ್ಣಾ, ಶಿಯಾನ್ ಮೇ. ಒಬ್ಬ ರ‍್ಯಾಪರ್, ಒಬ್ಬ ಮಾಜಿ ಅಮೆರಿಕನ್ ಫುಟ್ಬಾಲ್ ಆಟಗಾರ. ಬೀಚಿನಲ್ಲಿ ದೊಣ್ಣೆ ಹಿಡಿದು ಜೋಂಬಿಗಳ ಮಂಡೆ ಒಡೆಯುವುದು, ಮೇಲೆ ನಂಬರ್ ಹಾರುವುದು, ಲೆವೆಲ್ ಏರುವುದು. ಇದಕ್ಕೆ ಆ ಪಿಯಾನೊ ಯಾಕೆ?

ಇನ್ನೊಂದು ನೆನಪು ಮಾಡಿಕೊಡುತ್ತೇನೆ. 2013 ರ ಜನವರಿಯಲ್ಲಿ ಮುಂದಿನ ಭಾಗ ‘ರಿಪ್‌ಟೈಡ್’ಗೆ ಇದೇ ಪ್ರಕಾಶಕರು, ಡೀಪ್ ಸಿಲ್ವರ್, ಒಂದು ವಿಶೇಷ ಆವೃತ್ತಿ ಪ್ರಕಟಿಸಿದರು. ಜೊತೆಗೆ ಉಡುಗೊರೆ ಏನು ಗೊತ್ತಾ? ತಲೆ ಕೈಕಾಲು ಕತ್ತರಿಸಿದ, ಬಿಕಿನಿ ತೊಟ್ಟ ಹೆಣ್ಣಿನ ಮುಂಡದ ಗೊಂಬೆ. ಜನ ಉಗಿದ ಮೇಲೆ ಕ್ಷಮೆ ಕೇಳಿದರು. ಎರಡು ವರ್ಷದ ಹಿಂದೆ ನಮಗೆ ಕವಿತೆ ತೋರಿಸಿದ್ದು ಇದೇ ಅಂಗಡಿ.

---

ಹಳೇ ಹಾರ್ಡ್‌ಡಿಸ್ಕ್

ಮಂಡಕ್ಕಿ, ಆ ಗೊಂಬೆಯ ವಿಷಯಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಅಸಹ್ಯವೇ.

ಆದರೆ ಹೆಣ ತೋರಿಸಿ ಮಾರಿದರು ಎಂಬ ಮಾತು ಪೂರ್ತಿ ಒಪ್ಪಲಾರೆ. ಬೇರೆ ಜೋಂಬಿ ಗೇಮುಗಳಲ್ಲಿ ನೂರು ಹೆಣ ಬಿದ್ದರೂ ನಮಗೆ ಏನೂ ಅನಿಸುವುದಿಲ್ಲ ಅಲ್ವಾ? ಇಲ್ಲಿ ಒಂದೇ ಒಂದು ಜೀವ, ಅದಕ್ಕೊಂದು ಮನೆ, ಅಪ್ಪ, ಅಮ್ಮ, ಬೀಚಿನಲ್ಲಿ ತೆಗೆದ ವಿಡಿಯೊ. ಸತ್ತವರಿಗೆ ಲೆಕ್ಕ ಇಟ್ಟರು ಅಂತ ನನಗೆ ಅನಿಸಿತ್ತು. ಮಾರುವುದಕ್ಕೇ ಮಾಡಿದ್ದು, ಸರಿ. ಮಾರುವುದಕ್ಕೆ ಮಾಡಿದ್ದೂ ಒಮ್ಮೊಮ್ಮೆ ಚೆನ್ನಾಗಿರುತ್ತದೆ.

---

ರೂಮ್ ನಂ 14

ಆಡಿದವರು ಹೇಳಿ ಅಂದಿರಲ್ಲ, ಬಂದೆ.

2011 ರ ಸೆಪ್ಟೆಂಬರ್. ಹಾಸ್ಟೆಲಿನಲ್ಲಿ ನಾವು ನಾಲ್ವರು. ಟ್ರೈಲರ್ ನೋಡಿದ ದಿನದಿಂದ ಏಳು ತಿಂಗಳು ಕಾದಿದ್ದೆವು. ಅದಕ್ಕೂ ಹಿಂದಿನ ಕಥೆ ಆಮೇಲೆ ತಿಳಿಯಿತು, ಗೇಮನ್ನು ಮೊದಲು ತೋರಿಸಿದ್ದೇ 2006 ರಲ್ಲಂತೆ. ಮೆಸ್ ಬಿಲ್ ಉಳಿಸಿ, ಒಬ್ಬನ ಹಳೇ ಸೈಕಲ್ ಮಾರಿ, ಕಾಪಿ ತಂದೆವು. ಮೊದಲ ರಾತ್ರಿ ಲೈಟ್ ಆರಿಸಿ ಗಂಭೀರವಾಗಿ ಕೂತೆವು. ಒಬ್ಬ ನಿಜವಾಗಲೂ ಕರ್ಚೀಫ್ ತಂದಿದ್ದ.

ಗೇಮ್ ಶುರುವಾಗುತ್ತದೆ. ಪಾರ್ಟಿ. ಸ್ಟೇಜಿನ ಮೇಲೆ ಸ್ಯಾಮ್ ಬಿ ರ‍್ಯಾಪ್ ಹಾಡುತ್ತಿದ್ದಾನೆ. ಕುಡಿದವರು ತೂರಾಡುತ್ತಿದ್ದಾರೆ. ಕರ್ಚೀಫಿನವನು, ‘ಲೋ, ಬೇರೆ ಗೇಮ್ ತಂದ್ವೇನೋ?’ ಎಂದ.

ಒಂದು ಗಂಟೆ ಬೇಜಾರಿನಲ್ಲೇ ಆಡಿದೆವು. ಆಮೇಲೆ ಏನಾಯಿತೆಂದರೆ, ನನ್ನ ಕೈಯಲ್ಲಿ ಒಂದು ದೋಣಿ ಹುಟ್ಟು. ಜೋಂಬಿಗೆ ಬೀಸಿದೆ. ತಪ್ಪಿತು. ಇನ್ನೊಮ್ಮೆ ಬೀಸಿದೆ. ದಮ್ಮು ಖಾಲಿಯಾಗಿ ನಾನೇ ಏದುಸಿರು ಬಿಡುತ್ತಾ ನಿಂತೆ. ಹಿಂದಿನಿಂದ ಬಂದ ಕರ್ಚೀಫ್ ಅದಕ್ಕೆ ಒದ್ದ. ಜೋಂಬಿ ಸೀದಾ ಈಜುಕೊಳಕ್ಕೆ. ನಾಲ್ವರೂ ಎಷ್ಟು ನಕ್ಕೆವೆಂದರೆ ವಾರ್ಡನ್ ಬಂದು ಬಾಗಿಲು ಬಡಿದರು. ಅವರು ಬಡಿದದ್ದಕ್ಕೂ ಜೋಂಬಿ ಬಂತು ಎಂದು ನಕ್ಕೆವು.

ಹೊಡೆದಂತೆಲ್ಲ ಆಯುಧ ಸವೆಯುತ್ತದೆ, ದುಡ್ಡು ಕೊಟ್ಟು ರಿಪೇರಿ ಮಾಡಿಸಬೇಕು. ಜಗತ್ತೇ ಮುಳುಗುತ್ತಿದ್ದರೂ ಮಚ್ಚು ಸರಿಮಾಡಲು ಡಾಲರ್ ಬೇಕು! ಮಚ್ಚಿಗೆ ಬ್ಯಾಟರಿ ಕಟ್ಟಿ ಕರೆಂಟ್ ಹೊಡೆಸುವುದು ಕಲಿತ ಮೇಲಂತೂ ಆ ಸೆಮಿಸ್ಟರ್ ಗೋವಿಂದ.

ಆದರೆ ಸರ್, ಒಂದು ಮಾತು. ಗೇಮ್ ನಡೆಯುವ ಬನೋಯ್ ದ್ವೀಪದ ರೆಸಾರ್ಟಿನಲ್ಲಿ ಓಡಾಡುವಾಗ ಎಲ್ಲಾದರೂ ಮಹಡಿ ಕಟ್ಟಡ ಕಂಡರೆ ನಾನು ಸುಮ್ನೆ ಅದರ ಬುಡಕ್ಕೆ ಹೋಗುತ್ತಿದ್ದೆ. ಹುಲ್ಲು ನೋಡುತ್ತಿದ್ದೆ. ಯಾಕೆಂದು ಉಳಿದವರಿಗೆ ಹೇಳಲಿಲ್ಲ. ಒಂದು ದಿನ ತಿರುಗಿ ನೋಡಿದರೆ ಕರ್ಚೀಫ್ ಕೂಡ ಇನ್ನೊಂದು ಕಟ್ಟಡದ ಕೆಳಗೆ ನಿಂತು ಹುಲ್ಲು ನೋಡುತ್ತಿದ್ದ. ಇಬ್ಬರೂ ಮಾತಾಡಲಿಲ್ಲ. ಮುಂದಿನ ಮಿಷನ್ನಿಗೆ ಹೋದೆವು.

ಹಾಗಾಗಿ ಸಿಕ್ಕಿತಾ ಎಂದರೆ, ಅವರು ಇಟ್ಟಿರಲಿಲ್ಲ. ನಾವೇ ಒಳಗೆ ತಗೊಂಡು ಹೋಗಿದ್ದೆವು.

---

ಸುಮ್ನೆ ಬಂದೆ

ಹುಲ್ಲು ನೋಡುತ್ತಿದ್ದ ಅಂದಿರಲ್ಲ. ಮತ್ತೆ ಧೂಳು ಹೋಯ್ತು.

---

ನೈಟ್ ಡ್ಯೂಟಿ

ನಾನು ನರ್ಸ್. ಬಿಡುವು ಸಿಕ್ಕಾಗ ಫೋನಿನಲ್ಲಿ ಆಡುತ್ತೇನೆ. ಡೆಡ್ ಐಲ್ಯಾಂಡ್ ಆಡಿಲ್ಲ. ಆದರೆ ಟ್ರೈಲರ್ ಒಂದು, ಗೇಮ್ ಇನ್ನೊಂದು ಎಂದು ನೀವೆಲ್ಲ ಹೇಳುವಾಗ ನನಗೆ ಉಲ್ಟಾ ಉದಾಹರಣೆ ನೆನಪಾಗುತ್ತಿದೆ.

‘ದಿಸ್ ವಾರ್ ಆಫ್ ಮೈನ್’. ಅದೂ ಪೋಲೆಂಡಿನದ್ದೇ, ವಾರ್ಸಾದ 11 ಬಿಟ್ ಸ್ಟುಡಿಯೊಸ್. 2014 ರ ನವೆಂಬರ್ 14 ಕ್ಕೆ ಬಂತು. ಯುದ್ಧದ ಗೇಮ್, ಆದರೆ ನಾವು ಸೈನಿಕರಲ್ಲ. ಮುತ್ತಿಗೆ ಬಿದ್ದ ಊರಿನಲ್ಲಿ ಸಿಕ್ಕಿಹಾಕಿಕೊಂಡ ಸಾಮಾನ್ಯ ಜನ. ಬೋಸ್ನಿಯಾದ ಸರಯೇವೊ ನಗರಕ್ಕೆ 1992 ರಿಂದ 1996 ರವರೆಗೆ ಹಾಕಿದ್ದ ಮುತ್ತಿಗೆಯೇ ಅದಕ್ಕೆ ಮೂಲ. ಬಿಡುಗಡೆಯ ಟ್ರೈಲರಿನಲ್ಲಿ ಚಿಕ್ಕಂದಿನಲ್ಲಿ ಆ ಮುತ್ತಿಗೆಯನ್ನು ನಿಜವಾಗಿ ಬದುಕಿ ಬಂದ ಒಬ್ಬರು ಕೂತು ಮಾತಾಡುತ್ತಾರೆ. ಪಿಯಾನೊ ಹಾಕಿ ಅಳಿಸಬೇಕಾದ ಕೆಲಸವೇ ಇಲ್ಲ.

ಗೇಮಿನಲ್ಲಿ ಹಗಲು ಹೊರಗೆ ಹೋಗುವಂತಿಲ್ಲ, ಮರೆಯಿಂದ ಗುಂಡು ಹೊಡೆಯುವ ಸ್ನೈಪರ್ ಇರುತ್ತಾರೆ. ಒಡೆದ ಮನೆಯಲ್ಲೇ ಒಲೆ ಹೂಡುವುದು, ಹಾಸಿಗೆ ಮಾಡುವುದು, ಮಳೆನೀರು ಹಿಡಿಯುವುದು. ರಾತ್ರಿ ಒಬ್ಬರು ಹೋಗಿ ಏನಾದರೂ ಹೆಕ್ಕಿಕೊಂಡು ಬರಬೇಕು. ಒಂದು ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ. ಅಡುಗೆಮನೆಯಲ್ಲಿ ಊಟದ ಸಾಮಾನಿದೆ, ಔಷಧಿ ಇದೆ. ತೆಗೆದುಕೊಂಡರೆ ಹೊಡೆಯುವವರಿಲ್ಲ. ಆ ಅಜ್ಜ ಹಿಂದೆ ಹಿಂದೆ ಬಂದು ಬೇಡಿಕೊಳ್ಳುತ್ತಾನೆ, ಅಷ್ಟೇ.

ನಮ್ಮ ಮನೆಯಲ್ಲಿ ಒಬ್ಬರಿಗೆ ಜ್ವರ ಏರಿತ್ತು. ನಾನು ತೆಗೆದುಕೊಂಡೆ. ವಾರ್ಡಿನಲ್ಲಿ ದಿನಾ ನೋಡುತ್ತೇನಲ್ಲ, ವಯಸ್ಸಾದವರು ಮಾತ್ರೆ ಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ದಿಂಬಿನ ಕೆಳಗೆ ಇಟ್ಟುಕೊಂಡಿರುತ್ತಾರೆ. ಬೆಡ್‌ಶೀಟ್ ಬದಲಾಯಿಸುವಾಗ ಮೊದಲು ಅದನ್ನೇ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಗೇಮಿನಲ್ಲಿ ಔಷಧಿಯ ಚಿತ್ರದ ಮೇಲೆ ಬೆರಳಿಟ್ಟಾಗ ನನಗೆ ಆ ರಬ್ಬರ್ ಬ್ಯಾಂಡ್ ಕಂಡಿತು. ತಂದ ಮೇಲೆ ನನ್ನ ಪಾತ್ರ ಖಿನ್ನತೆಗೆ ಹೋಯಿತು. ಗೇಮ್ ಬೈಯುವುದಿಲ್ಲ, ಅಂಕ ಕಳೆಯುವುದಿಲ್ಲ. ಅವನು ಸುಮ್ಮನೆ ಕೂತುಬಿಡುತ್ತಾನೆ. ಎಬ್ಬಿಸಿದರೂ ಕೆಲಸ ಮಾಡುವುದಿಲ್ಲ.

2020 ರಲ್ಲಿ ಪೋಲೆಂಡ್ ಸರ್ಕಾರ ಈ ಗೇಮನ್ನು ಶಾಲೆಗಳ ಓದುಪಟ್ಟಿಗೆ ಸೇರಿಸುವುದಾಗಿ ಹೇಳಿತು. 2022 ರ ಫೆಬ್ರವರಿಯಲ್ಲಿ ಯುಕ್ರೇನಿನಲ್ಲಿ ಯುದ್ಧ ಶುರುವಾದಾಗ ಇವರು ಒಂದು ವಾರದ ಗಳಿಕೆಯನ್ನು ಅಲ್ಲಿನ ರೆಡ್ ಕ್ರಾಸಿಗೆ ಕೊಟ್ಟರು. ಆ ವಾರ ನಾನೂ ಇನ್ನೊಂದು ಕಾಪಿ ಕೊಂಡೆ, ತಮ್ಮನಿಗೆ. ಅವನು ಇನ್ನೂ ತೆಗೆದು ನೋಡಿಲ್ಲ, ಕತ್ತೆ.

---

ಖಾರ ಮಂಡಕ್ಕಿ

ಅಕ್ಕಾ, ನಾನು ಹೇಳಿದ್ದೂ ಇದನ್ನೇ. ಟ್ರೈಲರ್ ಯಾವ ನೋವು ತೋರಿಸುತ್ತದೋ ಅದೇ ನೋವನ್ನು ಗೇಮ್ ನಮ್ಮ ಕೈಯಿಂದ ಮಾಡಿಸಬೇಕು. ಆಗ ಅದು ವ್ಯಾಪಾರ ಆದರೂ ಪರವಾಗಿಲ್ಲ.

ಆದರೆ ರೂಮ್ 14 ಅವರ ಹುಲ್ಲಿನ ಕಥೆ ಓದಿ ಸ್ವಲ್ಪ ಮೆತ್ತಗಾಗಿದ್ದೇನೆ. ಸ್ವಲ್ಪ ಮಾತ್ರ.

---

ಲೆವೆಲ್ ತೊಂಬತ್ತೊಂಬತ್ತು

ಒಂದು ಸಣ್ಣ ತಿದ್ದುಪಡಿ. ಡೆಡ್ ಐಲ್ಯಾಂಡ್ ಸರ್ವೈವಲ್ ಗೇಮೇ ಅಲ್ಲ. ಹಸಿವಿಲ್ಲ, ಬಾಯಾರಿಕೆಯಿಲ್ಲ, ಚಳಿಯಿಲ್ಲ. ಸತ್ತರೆ ಸ್ವಲ್ಪ ದುಡ್ಡು ಕಳೆದು ಮತ್ತೆ ಹುಟ್ಟಿಸುತ್ತದೆ. ಅದು ಆ್ಯಕ್ಷನ್ ಆರ್‌ಪಿಜಿ, ಹೊಡೆದಾಡುತ್ತಾ ಪಾತ್ರವನ್ನು ಬೆಳೆಸುವ ಗೇಮ್. ಈ ಸರ್ವೈವಲ್ ವಿಭಾಗದಲ್ಲಿ ಅದನ್ನು ಚರ್ಚಿಸುವುದೇ ತಪ್ಪು.

---

ಎಳೆ ಕಾಯುವವ

ವಿಭಾಗ ನಾನು ನೋಡಿಕೊಳ್ಳುತ್ತೇನೆ ಮಾರಾಯ. ಜೋಂಬಿಗೆ ಹೆದರಿ ಓಡಿದರೆ ಸರ್ವೈವಲ್ ಅಂತಲೇ ಇಟ್ಟುಕೊಳ್ಳೋಣ. ಮುಂದುವರಿಸಿ.

---

ಮೈನಸ್ ಮೂವತ್ತು

ಹಸಿವು, ಬಾಯಾರಿಕೆ, ಚಳಿ ಅಂದದ್ದಕ್ಕೆ ನಾನು ಬಂದೆ. ಸಾಗರದ ಕಡೆಯವಳು, ಈಗ ಕೆನಡಾದ ಕ್ಯಾಲ್ಗರಿಯಲ್ಲಿದ್ದೇನೆ.

‘ದ ಲಾಂಗ್ ಡಾರ್ಕ್’ ಯಾರೂ ಹೇಳಲಿಲ್ಲವಲ್ಲ! ಹಿಂಟರ್‌ಲ್ಯಾಂಡ್ ಸ್ಟುಡಿಯೊದ್ದು. ಅವರ ತವರು ಇದೇ ದೇಶದ ಪಶ್ಚಿಮ ತುದಿಯ ವ್ಯಾಂಕೂವರ್ ದ್ವೀಪ. 2014 ರಲ್ಲೇ ಆಡಲು ಬಿಟ್ಟರು, ಅಧಿಕೃತವಾಗಿ ಬಂದದ್ದು 2017 ರ ಆಗಸ್ಟ್ 1 ಕ್ಕೆ. ಅದರಲ್ಲಿ ಜೋಂಬಿ ಇಲ್ಲ. ಹಿಮ, ತೋಳ, ಕರಡಿ, ನೀವು. ಆಕಾಶದಲ್ಲಿ ಅರೋರಾ ಎಂಬ ಧ್ರುವದ ಬೆಳಕು ಹಸಿರಾಗಿ ಹರಡಿದ ರಾತ್ರಿ ಮಾತ್ರ ಸತ್ತುಹೋದ ಬಲ್ಬುಗಳೆಲ್ಲ ಮಿಣಮಿಣ ಹತ್ತುತ್ತವೆ. ಸತ್ತರೆ ಆ ಆಟ ಮುಗಿಯಿತು, ಹಳೆಯ ಸೇವ್ ಅಳಿಸಿಹೋಗುತ್ತದೆ. ಸತ್ತಾಗ ‘ನೀವು ಸತ್ತಿರಿ’ ಎಂದು ಬರುವುದಿಲ್ಲ. ದೀರ್ಘ ಕತ್ತಲಲ್ಲಿ ಕರಗಿಹೋದಿರಿ ಎಂಬರ್ಥದ ಒಂದು ಸಾಲು ಬರುತ್ತದೆ. ನನ್ನ ಮಟ್ಟಿಗೆ ಎಲ್ಲ ಟ್ರೈಲರುಗಳ ಕವಿತೆಗಿಂತ ಆ ಒಂದು ಸಾಲು ಜಾಸ್ತಿ.

ಊರಲ್ಲಿ ಬಚ್ಚಲ ಒಲೆ ಹಚ್ಚುವುದು ಅಜ್ಜಿಯ ಕೆಲಸ. ಮಳೆಗಾಲದಲ್ಲಿ ಸೌದೆಯೆಲ್ಲ ಹಸಿ. ಅಡಕೆ ಸಿಪ್ಪೆ ಕೆಳಗೆ, ಮೇಲೆ ಒಣ ಸೋಗೆ, ಆಮೇಲೆ ಸಣ್ಣ ಚಕ್ಕೆ, ಕೊನೆಗೆ ಕುಂಟೆ, ಅಂದರೆ ದಪ್ಪ ಸೌದೆ. ನಾನು ಅವಸರ ಮಾಡಿ ಮೊದಲೇ ಕುಂಟೆ ಇಟ್ಟು ಬೈಸಿಕೊಂಡಿದ್ದೇನೆ. ಗೇಮಿನಲ್ಲಿ ಮೊದಲ ಸಲ ಗುಹೆಯೊಳಗೆ ಕೂತು, ಹೊರಗೆ ಹಿಮಗಾಳಿ, ಕೈಯಲ್ಲಿ ಮೂರೇ ಮೂರು ಬೆಂಕಿಕಡ್ಡಿ. ಮೊದಲು ಹಚ್ಚುಪುಳ್ಳೆ, ಆಮೇಲೆ ಸಣ್ಣ ಕಟ್ಟಿಗೆ. ಮೊದಲ ಕಡ್ಡಿ ಆರಿತು. ಎರಡನೆಯದೂ ಆರಿತು. ಮೂರನೆಯದಕ್ಕೆ ಹತ್ತಿಕೊಂಡಿತು. ಆ ಚಟಪಟ ಸದ್ದಿಗೆ ನಾನು ಜೋರಾಗಿ ಅತ್ತೆ. ಅಜ್ಜಿ ಹೋಗಿ ಆಗಿನ್ನೂ ಎರಡು ತಿಂಗಳು. ಟಿಕೆಟ್ ಸಿಗದೆ ನಾನು ಊರಿಗೆ ಹೋಗಲಾಗಿರಲಿಲ್ಲ.

ಇಲ್ಲಿ ಮೈನಸ್ ಮೂವತ್ತಾದರೆ ಉಸಿರೆಳೆದ ಕೂಡಲೇ ಮೂಗಿನೊಳಗಿನ ಕೂದಲು ಸೆಟೆದುಕೊಳ್ಳುತ್ತದೆ. ರಾತ್ರಿ ಕಾರಿನ ಎಂಜಿನ್ನಿಗೆ ಹೀಟರ್ ಪ್ಲಗ್ ಹಾಕದಿದ್ದರೆ ಬೆಳಗ್ಗೆ ಸ್ಟಾರ್ಟ್ ಆಗುವ ಭರವಸೆಯಿಲ್ಲ. ಗೇಮಿನವರು ಸುಳ್ಳು ಹೇಳಿಲ್ಲ.

---

ನೈಟ್ ಡ್ಯೂಟಿ

ಮೈನಸ್ ಮೂವತ್ತು ಅವರೇ, ಹೋಗಲಾಗಲಿಲ್ಲ ಅಂದಿರಲ್ಲ. ನಾವು ವಾರ್ಡಿನಲ್ಲಿ ವಿಡಿಯೊ ಕಾಲ್ ಹಿಡಿದು ನಿಲ್ಲುತ್ತೇವೆ, ಹೊರದೇಶದ ಮಕ್ಕಳು ಮೊಮ್ಮಕ್ಕಳಿಗೆ. ಆ ಕಡೆ ಯಾರಿರುತ್ತಾರೆ ಎಂದು ಇವತ್ತು ಓದಿದೆ.

---

ಮೈನಸ್ ಮೂವತ್ತು

ನಮಗೂ ಒಬ್ಬರು ಸಿಸ್ಟರ್ ಹಿಡಿದು ನಿಂತಿದ್ದರು. ಹತ್ತು ನಿಮಿಷ. ಅವರ ಕೈ ನೋವು ಬಂದಿರಬೇಕು ಎಂದು ಆಮೇಲೆ ಹೊಳೆಯಿತು.

---

ಕಟಿಂಗ್ ಟೇಬಲ್

ಸ್ವಲ್ಪ ಹೊತ್ತು ಏನು ಬರೆಯಬೇಕೆಂದು ಗೊತ್ತಾಗಲಿಲ್ಲ. ಹಳೆಯ ವಿಷಯಕ್ಕೇ ಬರುತ್ತೇನೆ.

ಡೆಡ್ ಐಲ್ಯಾಂಡ್ 2 ರ ಟ್ರೈಲರ್ ನೆನಪಿದೆಯಾ? 2014 ರದ್ದು. ಕ್ಯಾಲಿಫೋರ್ನಿಯಾದ ಬಿಸಿಲು, ಒಬ್ಬ ಕಿವಿಗೆ ಹಾಡು ಸಿಕ್ಕಿಸಿಕೊಂಡು ಜಾಗಿಂಗ್ ಹೊರಟಿದ್ದಾನೆ, ಹಿಂದೆ ಊರೇ ಜೋಂಬಿಯಾಗುತ್ತಿದ್ದರೂ ಅವನಿಗೆ ಗೊತ್ತಿಲ್ಲ. ಓಡುತ್ತಾ ಓಡುತ್ತಾ ತಾನೂ ಜೋಂಬಿಯಾಗುತ್ತಾನೆ. ನಕ್ಕು ನಕ್ಕು ಸಾಕಾಗುತ್ತದೆ. ಗೇಮ್ ಹೇಗಿದೆಯೋ ಟ್ರೈಲರೂ ಹಾಗೇ, ಮೋಸವಿಲ್ಲ. ಆಮೇಲೆ ಸ್ಟುಡಿಯೊ ಮೇಲೆ ಸ್ಟುಡಿಯೊ ಬದಲಾಗಿ ಬಂದದ್ದು 2023 ರ ಏಪ್ರಿಲಿನಲ್ಲಿ.

ಮಂಡಕ್ಕಿ ಅವರ ಲೆಕ್ಕದಲ್ಲಿ ಇದೇ ಒಳ್ಳೆಯ ಟ್ರೈಲರ್ ಆಗಬೇಕು. ಆದರೆ ಅದರ ಬಗ್ಗೆ ಹೀಗೆ ರಾತ್ರಿ ಹನ್ನೊಂದಕ್ಕೆ ಕೂತು ಯಾರೂ ಚರ್ಚೆಯ ಎಳೆ ಶುರು ಮಾಡುವುದಿಲ್ಲ.

---

ಖಾರ ಮಂಡಕ್ಕಿ

ಒಪ್ಪಿದೆ ಗುರು. ಇನ್ನು ಅಕ್ಷತೆ ವಿಡಿಯೊ ಹಾಕು ನೋಡೋಣ.

---

ಕಟಿಂಗ್ ಟೇಬಲ್

ಅಜ್ಜಿಗೆ ಮಾತು ಕೊಟ್ಟಿದ್ದೇನೆ. ಹಾಕುವುದಿಲ್ಲ.

---

ರೂಮ್ ನಂ 14

ನಿನ್ನೆ ಇಲ್ಲಿ ಬರೆದದ್ದನ್ನು ಸ್ಕ್ರೀನ್‌ಶಾಟ್ ತೆಗೆದು ನಮ್ಮ ಹಾಸ್ಟೆಲ್ ಗ್ರೂಪಿಗೆ ಹಾಕಿದೆ. ಆ ಗ್ರೂಪಿನಲ್ಲಿ ಈಗ ಬರುವುದು ಹಬ್ಬದ ಶುಭಾಶಯ, ಮನೆ ಲೋನ್ ಬಡ್ಡಿ, ಅಷ್ಟೇ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಕರ್ಚೀಫ್ ಬರೆದ, ‘ಹುಲ್ಲು ನೋಡ್ತಿರಲಿಲ್ಲ ಕಣೋ, ಗೇಮ್ ಹ್ಯಾಂಗ್ ಆಗಿತ್ತು.’

ಸುಳ್ಳುಗಾರ.

2016 ರಲ್ಲಿ ಬಂದ ಡೆಫಿನಿಟಿವ್ ಎಡಿಶನ್ ಮೂವರೂ ಇಳಿಸಿಕೊಂಡಿದ್ದೇವೆ. ಶನಿವಾರ ರಾತ್ರಿ ಆಟ. ನಾಲ್ಕನೆಯವನು ಈಗ ಆಸ್ಟ್ರೇಲಿಯಾದಲ್ಲಿ, ಅವನಿಗೆ ಹೊತ್ತು ಹೊಂದುವುದಿಲ್ಲ. ಒಂದು ಜಾಗ ಖಾಲಿ ಇದೆ. ಹಾರ್ಡ್‌ಡಿಸ್ಕ್ ಸರ್, ಆಡಲೇ ಇಲ್ಲ ಅಂದಿರಲ್ಲ?

---

ಹಳೇ ಹಾರ್ಡ್‌ಡಿಸ್ಕ್

ಬರುತ್ತೇನೆ. ಹತ್ತರ ಮೇಲೆ, ಮಗಳು ಮಲಗಿದ ಮೇಲೆ.

ಆದರೆ ಮೊದಲೇ ಹೇಳಿಬಿಡುತ್ತೇನೆ, ನನಗೆ ಓಡುವುದು ಬಿಟ್ಟು ಬೇರೇನೂ ಬರುವುದಿಲ್ಲ. ಆ ದೋಣಿ ಹುಟ್ಟು ನನಗೇ ಬಿಡಿ. ರೆಸಾರ್ಟಿನ ಹತ್ತಿರ ಎಲ್ಲಾದರೂ ಸುಮ್ಮನೆ ನಿಂತುಬಿಟ್ಟರೆ, ಹ್ಯಾಂಗ್ ಆಗಿದೆ ಅಂದುಕೊಳ್ಳಿ.